ಬೆರಳಿನ ಲಿಪಿ, ಕಿವಿಯ ಓದು



ಲಿಪಿ ಎಂದರೇನು, ಅದು ನುಡಿಯನ್ನು ಎಷ್ಟರಮಟ್ಟಿಗೆ ಹಿಡಿದಿಡಬಲ್ಲದು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಭಾಷಾವಿಜ್ಞಾನದ ತರಗತಿಗೆ ಬಿಟ್ಟುಬಿಡುತ್ತೇವೆ. ಈಗ ಆ ಪ್ರಶ್ನೆ ಸ್ನೇಹಸಮ್ಮೇಳನದ ವೇದಿಕೆಯಿಂದಲೂ ಕೇಳಿಬರುತ್ತಿದೆ. ಗಿಟಾರು, ಡ್ರಮ್ಸುಗಳ ಜೊತೆಗೆ ಬೇಸ್ ಗಿಟಾರ್ ಹಿಡಿದ ಹುಡುಗ ಹುಡುಗಿಯರು ನಮ್ಮ ನಡುವೆ ಕಾಣಿಸಿಕೊಂಡಿದ್ದಾರೆ. ಅವರಲ್ಲಿ ಕನ್ನಡ ಐಚ್ಛಿಕ ಓದುವವರೂ ಉಂಟು. ಅವರ ಮೊಬೈಲಿನ ಪರದೆಯ ಮೇಲೆ ನಾಲ್ಕು ಅಡ್ಡಗೆರೆಗಳು, ಗೆರೆಗಳ ಮೇಲೆ ಅಂಕಿಗಳು. ಅದಕ್ಕೆ ಟ್ಯಾಬ್ಲೇಚರ್ ಎಂದು ಹೆಸರು. ಬಳಕೆಯಲ್ಲಿ ಬರಿಯ ಟ್ಯಾಬ್. ಸಂಗೀತ ಬಲ್ಲ ಹಿರಿಯರು ಕೆಲವರು ಇದನ್ನು ಸೋಮಾರಿಗಳ ಊರುಗೋಲೆಂದು ಹಳಿಯುತ್ತಾರೆ. ಕಲಿಯುವ ಕಿರಿಯರು ಇದರಲ್ಲಿಯೇ ಸಂಗೀತವೆಲ್ಲ ಅಡಗಿದೆಯೆಂದು ನಂಬುತ್ತಾರೆ. ಎರಡೂ ನಿಲುವುಗಳು ಸರಿಯಲ್ಲವೆಂದು ನನ್ನ ಅಭಿಮತ. ಟ್ಯಾಬ್ ಒಂದು ಲಿಪಿ, ಅದನ್ನು ಕಲಿಯತಕ್ಕದ್ದು. ಆದರೆ ಅದು ಅರ್ಧವನ್ನಷ್ಟೇ ಹೇಳುತ್ತದೆ. ಉಳಿದರ್ಧವನ್ನು ಓದುವವನು ತಾನೇ ತರಬೇಕು. ಹಾಗೆ ತರುವ ಸಾಮಗ್ರಿ ಕನ್ನಡದ ವಿದ್ಯಾರ್ಥಿಯ ಬಳಿ ಬೇಕಾದಷ್ಟಿದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಮೊದಲು ವಾದ್ಯದ ವಿಷಯ. ಇಂದಿನ ಬೇಸ್ ಗಿಟಾರಿಗೆ ಮಾರುಕಟ್ಟೆಯಲ್ಲಿ ನೆಲೆ ದೊರೆತದ್ದು 1951ರಲ್ಲಿ, ಅಮೆರಿಕದ ಲಿಯೋ ಫೆಂಡರ್ ತಯಾರಿಸಿದ ಪ್ರೆಸಿಷನ್ ಬೇಸ್‌ನಿಂದ. ಅದರ ತಂತಿಗಳ ನುಡಿಯುವ ಉದ್ದ 34 ಅಂಗುಲ. ತಂತಿಗಳು ನಾಲ್ಕು: ದಪ್ಪನೆಯದರಿಂದ ತೆಳ್ಳನೆಯದಕ್ಕೆ ಕ್ರಮವಾಗಿ ಇ, ಎ, ಡಿ, ಜಿ. ಸಾಮಾನ್ಯ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಇವು ಒಂದು ಸಪ್ತಕ ಕೆಳಗೆ ನುಡಿಯುತ್ತವೆ. ಅತ್ಯಂತ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಮಿರಜದ ತಂಬೂರಿಯನ್ನು ಹತ್ತಿರದಿಂದ ಕೇಳಿದವರಿಗೆ ಅದರ ಖರ್ಜದ ತಂತಿ ಏನು ಮಾಡುತ್ತದೆಂದು ವಿವರಿಸಬೇಕಾಗಿಲ್ಲ. ಅದು ಮುಂದೆ ಬಂದು ಮಾತಾಡುವುದಿಲ್ಲ. ಅದು ನಿಂತರೆ ಮಾತ್ರ ಹಾಡಿನ ನೆಲ ಕುಸಿದಂತಾಗುತ್ತದೆ. ಪಾಶ್ಚಾತ್ಯ ಮೇಳದಲ್ಲಿ ಬೇಸ್ ಗಿಟಾರಿನ ಕೆಲಸವೂ ಬಹುಮಟ್ಟಿಗೆ ಇದೇ. ಜೊತೆಗೆ ಲಯವನ್ನು ಕಾಯುವ ಹೊಣೆಯೂ ಅದರ ಮೇಲಿರುತ್ತದೆ.

ಟ್ಯಾಬ್ ಓದುವ ವಿಧಾನ ಸರಳ. ನಾಲ್ಕು ಗೆರೆಗಳು ನಾಲ್ಕು ತಂತಿಗಳು. ಮೇಲಿನ ಗೆರೆ ತೆಳ್ಳನೆಯ ಜಿ ತಂತಿ, ಕೆಳಗಿನದು ದಪ್ಪನೆಯ ಇ. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡಾಗ ದಪ್ಪ ತಂತಿಯೇ ಮುಖಕ್ಕೆ ಹತ್ತಿರವಿರುವುದರಿಂದ ಹೊಸಬರಿಗೆ ಇದು ತಲೆಕೆಳಗಾದಂತೆ ತೋರುತ್ತದೆ. ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಗೆರೆಯ ಮೇಲಿನ ಅಂಕಿ ಯಾವ ಫ್ರೆಟ್ಟಿನಲ್ಲಿ ಬೆರಳೂರಬೇಕೆಂದು ಸೂಚಿಸುತ್ತದೆ. ಸೊನ್ನೆಯಿದ್ದರೆ ತಂತಿಯನ್ನು ಒತ್ತದೆ ಹಾಗೆಯೇ ಮೀಟಬೇಕು. ಅಂಕಿಗಳ ನಡುವೆ ಬರುವ ಅಕ್ಷರಗಳು ಕ್ರಿಯೆಯ ಸಂಕೇತಗಳು. ‘ಎಚ್’ ಎಂದರೆ ಹ್ಯಾಮರ್-ಆನ್: ಬಲಗೈಯಿಂದ ಮತ್ತೆ ಮೀಟದೆ, ಎಡಗೈ ಬೆರಳನ್ನು ತಂತಿಯ ಮೇಲೆ ಬಡಿದು ಸ್ವರ ಹೊರಡಿಸುವುದು. ‘ಪಿ’ ಎಂದರೆ ಪುಲ್-ಆಫ್: ಒತ್ತಿದ ಬೆರಳನ್ನು ತುಸು ಓರೆಯಾಗಿ ಸೆಳೆದು ಬಿಟ್ಟು, ಹಿಂದಿನ ಬೆರಳಿನ ಸ್ವರ ನುಡಿಯುವಂತೆ ಮಾಡುವುದು. ಸಿತಾರ್ ವಾದಕರು ಕೃಂತನ ಎಂದು ಕರೆಯುವ ಕ್ರಿಯೆಗೆ ಇವು ಬಲು ಸಮೀಪ. ‘ಟಿ’ ಎಂಬುದು ಟ್ಯಾಪಿಂಗ್.

ಟ್ಯಾಪಿಂಗ್‌ನಲ್ಲಿ ಮೀಟುವ ಕೈಯೂ ಮೀಟುವುದನ್ನು ಬಿಟ್ಟು ದಂಡಿಯ ಮೇಲಕ್ಕೆ ಬರುತ್ತದೆ. ಬಲಗೈಯ ತೋರುಬೆರಳು ಅಥವಾ ನಡುಬೆರಳು ಫ್ರೆಟ್ಟಿನ ಹಿಂಬದಿಗೆ ತಾಗಿದಂತೆ ತಂತಿಯನ್ನು ನೇರವಾಗಿ ಬಡಿಯುತ್ತದೆ. ಆಗ ತಂತಿ ಫ್ರೆಟ್ಟಿಗೂ ಕುದುರೆಗೂ ನಡುವೆ ಕಂಪಿಸಿ ನುಡಿಯುತ್ತದೆ. ಸ್ವರವನ್ನು ಆರಿಸುವ ಕೆಲಸವೂ ನುಡಿಸುವ ಕೆಲಸವೂ ಒಂದೇ ಬೆರಳಿನಲ್ಲಿ ಕೂಡಿಬರುವುದರಿಂದ ಎರಡು ಕೈಗಳು ಎರಡು ಬೇರೆ ಸಾಲುಗಳನ್ನು ಏಕಕಾಲಕ್ಕೆ ನುಡಿಸಬಲ್ಲವು. ಅಮೆರಿಕದ ಜಿಮ್ಮಿ ವೆಬ್‌ಸ್ಟರ್ 1952ರಲ್ಲಿಯೇ ಈ ಬಗೆಯ ಸ್ಪರ್ಶವಿಧಾನವನ್ನು ಕುರಿತು ಪಾಠಪುಸ್ತಕ ಪ್ರಕಟಿಸಿದ್ದರು. 1969ರಲ್ಲಿ ಎಮೆಟ್ ಚಾಪ್‌ಮನ್ ಎರಡೂ ಕೈಗಳನ್ನು ಸಮಾನವಾಗಿ ಬಳಸುವ ಪದ್ಧತಿಯನ್ನು ರೂಪಿಸಿ, ಮುಂದೆ ಅದಕ್ಕೆಂದೇ ಬೇರೊಂದು ವಾದ್ಯವನ್ನು ನಿರ್ಮಿಸಿದರು. 1978ರಲ್ಲಿ ಎಡ್ಡಿ ವ್ಯಾನ್ ಹೇಲನ್ ಅವರ ‘ಇರಪ್ಷನ್’ ಬಂದ ಮೇಲೆ ಟ್ಯಾಪಿಂಗ್ ಜಗತ್ತಿನ ತರುಣರ ಹುಚ್ಚಾಯಿತು. ಬೇಸ್ ಗಿಟಾರಿನಲ್ಲಿ ಬಿಲ್ಲಿ ಶೀಹನ್, ಸ್ಟುವರ್ಟ್ ಹ್ಯಾಮ್, ವಿಕ್ಟರ್ ವೂಟನ್ ಇದನ್ನು ಬೆಳೆಸಿದರು. ಹ್ಯಾಮ್ ಅವರು ಬೀಥೋವನ್ನನ ಪಿಯಾನೋ ಕೃತಿ ‘ಮೂನ್‌ಲೈಟ್ ಸೊನಾಟಾ’ವನ್ನು ಎರಡೂ ಕೈಗಳ ಟ್ಯಾಪಿಂಗ್‌ನಿಂದ ಬೇಸ್ ಗಿಟಾರಿಗೆ ಇಳಿಸಿದರು. ಹಿನ್ನೆಲೆಯಲ್ಲಿ ನಿಲ್ಲುತ್ತಿದ್ದ ವಾದ್ಯ ಹೀಗೆ ಮುಂದೆ ಬಂದು ತಾನೊಂದೇ ನುಡಿಯಲು ಕಲಿಯಿತು.

ಒಂದು ಸಣ್ಣ ಉದಾಹರಣೆಯನ್ನು ಹಿಡಿದು ಮುಂದುವರಿಯೋಣ. ಜಿ ತಂತಿಯ ಮೇಲೆ ಟ್ಯಾಬ್ ಹೀಗೆ ಹೇಳುತ್ತದೆಂದು ಇಟ್ಟುಕೊಳ್ಳಿ: ಟಿ12, ಪಿ4, ಎಚ್7. ಎಡಗೈಯ ತೋರುಬೆರಳು ಮೊದಲೇ ನಾಲ್ಕನೆಯ ಫ್ರೆಟ್ಟಿನಲ್ಲಿ ನೆಲೆನಿಂತಿರಬೇಕು. ಬಲಗೈ ಬೆರಳು ಹನ್ನೆರಡನೆಯ ಫ್ರೆಟ್ಟನ್ನು ಬಡಿದು, ಸೆಳೆದು ಬಿಡುತ್ತದೆ, ನಾಲ್ಕನೆಯದು ನುಡಿಯುತ್ತದೆ. ಕೂಡಲೇ ಎಡಗೈಯ ಕಿರುಬೆರಳು ಏಳನೆಯದರ ಮೇಲೆ ಬೀಳುತ್ತದೆ. ಮತ್ತೆ ಹನ್ನೆರಡು. ಇಷ್ಟನ್ನು ಬೆರಳು ಕಲಿತರೆ ಟ್ಯಾಬ್ ಓದಿದಂತಾಯಿತೆಂದು ಬಹುಜನರ ಎಣಿಕೆ.

ಈಗ ಇದನ್ನು ನಮ್ಮ ಕಿವಿಗೆ ತಂದುಕೊಳ್ಳೋಣ. ಒತ್ತದೆ ಮೀಟಿದ ಜಿ ತಂತಿಯನ್ನು ಷಡ್ಜವೆಂದು ಇಟ್ಟುಕೊಂಡರೆ ನಾಲ್ಕನೆಯ ಫ್ರೆಟ್ ಶುದ್ಧ ಗಾಂಧಾರ, ಏಳನೆಯದು ಪಂಚಮ, ಹನ್ನೆರಡನೆಯದು ಮೇಲಿನ ಷಡ್ಜ. ನಮ್ಮ ಊರುಗಳ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಮುಂದೆ ಕುಳಿತು ಬೆಳೆದ ಹುಡುಗನಿಗೆ ಸ ಗ ಪ ಎಂದ ಕ್ಷಣವೇ ಆ ಮೂರು ಸ್ವರಗಳು ಒಳಗೆ ಕೇಳಿಸುತ್ತವೆ. ನಾಲ್ಕರ ಜಾಗದಲ್ಲಿ ಮೂರು ಬರೆದರೆ ಗಾಂಧಾರ ಕೋಮಲವಾಗುತ್ತದೆ. ನಗುತ್ತಿದ್ದ ಮುಖ ಬಾಡಿದಂತಾಗುತ್ತದೆ. ಅಂಕಿಯನ್ನು ಮಾತ್ರ ನೋಡುವವನಿಗೆ ನಾಲ್ಕು ಮೂರಾದದ್ದು ಬೆರಳು ಒಂದು ಮನೆ ಸರಿದ ವಿಷಯ. ಸ್ವರ ಕೇಳುವವನಿಗೆ ಭಾವವೇ ಬೇರೆಯಾದ ವಿಷಯ. ಟ್ಯಾಬ್ ಬರೆದವರು ಕೈತಪ್ಪಿನಿಂದ ಮೂರನ್ನು ನಾಲ್ಕು ಮಾಡಿದ್ದರೆ ಮೊದಲನೆಯವನು ಆ ತಪ್ಪನ್ನೇ ನೂರು ಸಲ ಅಭ್ಯಾಸ ಮಾಡುತ್ತಾನೆ. ಎರಡನೆಯವನು ಮೊದಲ ಸಲಕ್ಕೇ ತಡೆದು ನಿಲ್ಲುತ್ತಾನೆ.

ಟ್ಯಾಬ್ ಹೇಳದೆ ಬಿಡುವ ಇನ್ನೊಂದು ಸಂಗತಿ ಕಾಲ. ಟಿ12, ಪಿ4, ಎಚ್7 ಎಂಬ ಮೂರು ಸ್ವರಗಳ ಸುತ್ತನ್ನು ಒಂದು ಮಾತ್ರೆಗೆ ಮೂರರಂತೆ ನುಡಿಸಿದರೆ ಅದು ತಿಶ್ರದ ನಡೆ. ಪ್ರತಿ ಮಾತ್ರೆಯ ಮೊದಲಿಗೂ ಷಡ್ಜವೇ ಬೀಳುತ್ತದೆ. ಅದೇ ಸ್ವರಗಳನ್ನು ಮಾತ್ರೆಗೆ ನಾಲ್ಕರಂತೆ ಹೊಂದಿಸಿದರೆ ಷಡ್ಜದ ಏಟು ಒಂದನೆಯ, ನಾಲ್ಕನೆಯ, ಏಳನೆಯ, ಹತ್ತನೆಯ ಸ್ಥಾನಗಳಿಗೆ ಜಾರುತ್ತ ಹೋಗಿ ಮೂರು ಮಾತ್ರೆಗಳ ಬಳಿಕ ಮತ್ತೆ ಆರಂಭಕ್ಕೆ ಬಂದು ಕೂಡುತ್ತದೆ. ಅಂಕಿಗಳು ಒಂದೇ; ಸಂಗೀತ ಎರಡು. ಮೊಬೈಲಿನಲ್ಲಿ ಹರಿದಾಡುವ ಬರಿಯ ಅಂಕಿಗಳ ಟ್ಯಾಬ್ ಇವೆರಡರಲ್ಲಿ ಯಾವುದೆಂದು ಹೇಳುವುದೇ ಇಲ್ಲ.

ಇದು ಟ್ಯಾಬ್ ಎಂಬ ಲಿಪಿಯ ಹುಟ್ಟುಗುಣವಲ್ಲ ಎಂಬುದನ್ನೂ ಗಮನಿಸಬೇಕು. ಈ ಪದ್ಧತಿ ಮೊಬೈಲಿನ ಕಾಲದ್ದೆಂದು ತಿಳಿಯುವವರಿದ್ದಾರೆ. 1507ರಲ್ಲಿಯೇ ವೆನಿಸ್ ನಗರದಲ್ಲಿ ಒತ್ತಾವಿಯಾನೋ ಪೆತ್ರೂಚ್ಚಿ ಎಂಬ ಮುದ್ರಕ ಲ್ಯೂಟ್ ವಾದ್ಯದ ಟ್ಯಾಬ್ಲೇಚರನ್ನು ಅಚ್ಚು ಹಾಕಿದ್ದ. ಅಲ್ಲಿಯೂ ಗೆರೆಗಳು, ಅಲ್ಲಿಯೂ ಅಂಕಿಗಳು. ಆದರೆ ಗೆರೆಗಳ ಮೇಲ್ಗಡೆ ಪ್ರತಿ ಸ್ವರದ ಕಾಲಪ್ರಮಾಣವನ್ನು ಸೂಚಿಸುವ ಚಿಹ್ನೆಗಳೂ ಇದ್ದವು. ಟೈಪ್ ಮಾಡಿ ಹಂಚಿಕೊಳ್ಳುವ ಅವಸರದಲ್ಲಿ ನಮ್ಮ ಕಾಲದವರು ಆ ಮೇಲ್ಸಾಲನ್ನು ಕಳಚಿ ಹಾಕಿದರು. ಒಳ್ಳೆಯ ಮುದ್ರಿತ ಟ್ಯಾಬ್ ಪುಸ್ತಕಗಳು ಇಂದಿಗೂ ಅಂಕಿಗಳ ಮೇಲೆ ಪಾಶ್ಚಾತ್ಯ ಸ್ವರಲಿಪಿಯನ್ನು ಜೊತೆಗೂಡಿಸಿಯೇ ಕೊಡುತ್ತವೆ.

ಲಿಪಿ ಹೇಳದೆ ಬಿಟ್ಟದ್ದನ್ನು ಓದುಗ ತುಂಬಿಕೊಳ್ಳುವ ಕೆಲಸ ನಮಗೆ ಹೊಸದಲ್ಲ. ಮರಾಠಿಯನ್ನೂ ಕನ್ನಡವನ್ನೂ ಒಂದೇ ಶಾಲೆಯ ಅಂಗಳದಲ್ಲಿ ಕಲಿತ ನನ್ನಂಥವರಿಗೆ ಇದು ಬಾಲ್ಯದಲ್ಲಿಯೇ ತಿಳಿದ ಮಾತು. ಮರಾಠಿಯಲ್ಲಿ ನಾಲ್ಕು ಎಂಬರ್ಥದ ‘ಚಾರ’, ಗಾಲಿ ಎಂಬರ್ಥದ ‘ಚಾಕ’ ಎರಡನ್ನೂ ಒಂದೇ ‘ಚ’ಕಾರದಿಂದ ಬರೆಯುತ್ತಾರೆ. ಉಚ್ಚಾರಣೆ ಎರಡು, ಗಾಲಿಯ ‘ಚ’ ಹಲ್ಲಿನ ಹಿಂದೆ ಹುಟ್ಟುತ್ತದೆ. ಅಕ್ಷರ ಅದನ್ನು ಹೇಳುವುದಿಲ್ಲ. ಮನೆಯ ಮಾತು ಕಿವಿಗೆ ಬಿದ್ದವನೇ ಬಲ್ಲ. ಕನ್ನಡದ ತಾಳೆಗರಿಗಳಲ್ಲಿ ಪದಪದಗಳ ನಡುವೆ ಬಿಡುವೇ ಇಲ್ಲ. ಛಂದಸ್ಸನ್ನು ಬಲ್ಲ ಓದುಗ ಯತಿಯನ್ನೂ ಗಣವನ್ನೂ ತಾನೇ ಕಂಡುಕೊಂಡು ಪದ ಬಿಡಿಸುತ್ತಿದ್ದ. ನೀವು ಪ್ರಸ್ತಾರ ಹಾಕಿ ಲಘು ಗುರುಗಳನ್ನು ಗುರುತಿಸುತ್ತೀರಿ, ಗಣ ವಿಂಗಡಿಸುತ್ತೀರಿ, ಪೂರ್ಣ ಅಂಕ ಪಡೆಯುತ್ತೀರಿ. ಆ ಪದ್ಯವನ್ನು ಗಮಕಿಯೊಬ್ಬರು ಓದಿದಾಗ ಎಲ್ಲಿ ದನಿ ನಿಂತಿತು, ಎಲ್ಲಿ ಎಳೆಯಿತು ಎಂಬುದನ್ನು ಪ್ರಸ್ತಾರ ಹೇಳೀತೇ?

ಪ್ರಸ್ತಾರ ಬಲ್ಲವನಿಗೆ ಟ್ಯಾಬ್ ಮುಂದೆ ಒಂದು ದೊಡ್ಡ ಅನುಕೂಲವಿದೆ. ಅವನು ಮಾತ್ರೆ ಎಣಿಸಬಲ್ಲ. ಭಾಮಿನಿ ಷಟ್ಪದಿಯ ಮೊದಲ ಸಾಲನ್ನು ನೆನೆಯಿರಿ: ಮೂರು, ನಾಲ್ಕು, ಮೂರು, ನಾಲ್ಕು, ಒಟ್ಟು 14 ಮಾತ್ರೆ. ಹಿಂದುಸ್ತಾನಿಯ ದೀಪಚಂದಿ ತಾಳದ ವಿಭಾಗಗಳೂ ಇವೇ: ಮೂರು, ನಾಲ್ಕು, ಮೂರು, ನಾಲ್ಕು. ಏಳೇಳರ ನಡೆ ಕುಮಾರವ್ಯಾಸನನ್ನು ಓದಿದವರ ನಾಲಗೆಗೆ ಪರಕೀಯವಲ್ಲ. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ ಎಂಬ 1973ರ ಹಾಡಿನಲ್ಲಿ ಬೇಸ್ ಗಿಟಾರಿನ ಪ್ರಸಿದ್ಧ ಸಾಲು ಏಳು ಎಣಿಕೆಗಳ ಸುತ್ತು. ನಾಲ್ಕರ ಎಣಿಕೆಯನ್ನಷ್ಟೇ ಬಲ್ಲ ಹೊಸಬರು ಅಲ್ಲಿ ಎಡವುತ್ತಾರೆ. ಎಂಟನೆಯದೊಂದು ಇರಲೇಬೇಕೆಂದು ಅವರ ಪಾದ ಕಾಯುತ್ತದೆ. ಷಟ್ಪದಿಯನ್ನು ಬಾಯಿಪಾಠ ಮಾಡಿದವನಿಗೆ ಏಳರಲ್ಲಿ ಸುತ್ತು ಮುಗಿಯುವುದು ಸಹಜವೆನಿಸಬೇಕು. ಸಹಜವೆನಿಸದಿದ್ದರೆ ಅವನು ಷಟ್ಪದಿಯನ್ನು ಕಾಗದದ ಮೇಲೆ ಮಾತ್ರ ಓದಿದ್ದಾನೆಂದು ತಿಳಿಯಬೇಕು. ನಮ್ಮ ಪಾಠಕ್ರಮದ ವಿಷಯದಲ್ಲಿ ನನಗಿರುವ ಚಿಂತೆಯೂ ಇದೇ.

ಇಷ್ಟು ಕೊರತೆಗಳನ್ನು ಎಣಿಸಿದ ಮೇಲೆ, ಹಾಗಾದರೆ ಟ್ಯಾಬನ್ನು ಬಿಟ್ಟು ಗುರುಮುಖದಿಂದಲೇ ಕಲಿಯಬಾರದೇ ಎಂದು ಕೇಳಬಹುದು. ಹಾಗೆ ಕೇಳುವವರು ಗುರು ಎಲ್ಲಿದ್ದಾನೆಂದೂ ಹೇಳಬೇಕು. ಅಕ್ಕಲಕೋಟ, ಜತ್ತ ತಾಲೂಕಿನ ಹಳ್ಳಿಯಿಂದ ಬಸ್ಸಿನಲ್ಲಿ ಕಾಲೇಜಿಗೆ ಬಂದು ಸಂಜೆಗೆ ಮರಳುವ ವಿದ್ಯಾರ್ಥಿಗೆ ಬೇಸ್ ಗಿಟಾರ್ ಕಲಿಸುವವರು ಯಾರಿದ್ದಾರೆ? ಗುರು ದೂರವಿದ್ದವನಿಗೆ ಲಿಪಿಯೇ ಗುರುವಿನ ಮನೆಯ ದಾರಿ. ಈ ಮಾತನ್ನು ನಮ್ಮ ನೆರೆಹೊರೆಯಲ್ಲಿಯೇ ಇಬ್ಬರು ದೊಡ್ಡವರು ನೂರು ವರ್ಷಗಳ ಹಿಂದೆ ಮಾಡಿ ತೋರಿಸಿದ್ದಾರೆ. ಕುರುಂದವಾಡದಲ್ಲಿ ಹುಟ್ಟಿ ಮಿರಜದಲ್ಲಿ ಕಲಿತ ವಿಷ್ಣು ದಿಗಂಬರ ಪಲುಸ್ಕರರು 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ತೆರೆದು, ತಮ್ಮದೇ ಸ್ವರಲಿಪಿಯಲ್ಲಿ ಪಾಠಪುಸ್ತಕಗಳನ್ನು ಸಿದ್ಧಪಡಿಸಿದರು. ಮುಂಬಯಿಯ ವಿಷ್ಣು ನಾರಾಯಣ ಭಾತಖಂಡೆಯವರು ಘರಾಣೆಗಳ ಒಳಮನೆಯಲ್ಲಿದ್ದ ಬಂದಿಶುಗಳನ್ನು ಸಂಗ್ರಹಿಸಿ ‘ಕ್ರಮಿಕ ಪುಸ್ತಕ ಮಾಲಿಕಾ’ದ ಆರು ಭಾಗಗಳಲ್ಲಿ ಬರಹಕ್ಕಿಳಿಸಿದರು. ಸ್ವರದ ಕೆಳಗಿನ ಅಡ್ಡಗೆರೆಯಿಂದ ಕೋಮಲ, ಕೆಳಗಿನ ಚುಕ್ಕೆಯಿಂದ ಮಂದ್ರ, ಮೇಲಿನ ಚುಕ್ಕೆಯಿಂದ ತಾರ, ಜೊತೆಗೆ ತಾಳದ ಸಮ ಮತ್ತು ಖಾಲಿಯ ಗುರುತುಗಳು. ಇಷ್ಟರಿಂದ ಗಾಯನದ ಮೀಂಡು ಆಂದೋಲನಗಳೆಲ್ಲ ಕಾಗದಕ್ಕೆ ಬರಲಿಲ್ಲ, ನಿಜ. ಆದರೆ ಉಸ್ತಾದರ ಮನೆಯ ಬಾಗಿಲು ತೆರೆಯದಿದ್ದವರಿಗೂ ಬಂದಿಶಿನ ಸಾಹಿತ್ಯ, ಸ್ವರ, ತಾಳಗಳು ದೊರೆತವು. ಲಿಪಿಯ ಅಪೂರ್ಣತೆಯನ್ನು ತೋರಿಸಿ ಲಿಪಿಯನ್ನೇ ನಿರಾಕರಿಸುವುದು ಬಾಗಿಲು ತೆರೆದ ಮನೆಯವರ ವಾದ.

ಪಾಶ್ಚಾತ್ಯ ಸ್ವರಲಿಪಿಯೊಂದೇ ಸಾಕು, ಟ್ಯಾಬ್ ಬೇಡ ಎನ್ನುವವರಿಗೂ ಒಂದು ಮಾತು. ಸ್ವರಲಿಪಿ ಯಾವ ನಾದ, ಎಷ್ಟು ಕಾಲ ಎಂದು ಹೇಳುತ್ತದೆ; ಎಲ್ಲಿ ಎಂದು ಸಾಮಾನ್ಯವಾಗಿ ಹೇಳುವುದಿಲ್ಲ. ಜಿ ತಂತಿಯ ಏಳನೆಯ ಫ್ರೆಟ್ಟಿನ ಪಂಚಮವೇ ಡಿ ತಂತಿಯ ಹನ್ನೆರಡರಲ್ಲಿಯೂ ಎ ತಂತಿಯ ಹದಿನೇಳರಲ್ಲಿಯೂ ಸಿಗುತ್ತದೆ. ನಾದದ ಎತ್ತರ ಒಂದೇ ಆದರೂ ತೆಳು ತಂತಿಯ ದನಿ ಬೇರೆ, ದಪ್ಪ ತಂತಿಯ ದನಿ ಬೇರೆ. ಟ್ಯಾಪಿಂಗ್‌ನಲ್ಲಂತೂ ಎರಡು ಕೈಗಳೂ ಒಂದೇ ದಂಡಿಯ ಮೇಲಿರುವುದರಿಂದ ಎಲ್ಲಿ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ಟ್ಯಾಬ್ ಅದಕ್ಕೆ ನೇರವಾಗಿ ಉತ್ತರಿಸುತ್ತದೆ. ಒಂದು ಲಿಪಿ ಕೈಗೆ, ಇನ್ನೊಂದು ಕಿವಿಗೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವವನಿಗೆ ನಷ್ಟವಿಲ್ಲ. ದ್ವಿಭಾಷಿಗಳಾದ ನಮಗೆ ಇದನ್ನು ಒತ್ತಿ ಹೇಳಬೇಕಿಲ್ಲ.

ಆದುದರಿಂದ ಕಲಿಯುವವರಿಗೆ ನನ್ನ ಸಲಹೆ ಇಷ್ಟು. ಟ್ಯಾಬ್ ಸಿಕ್ಕ ಕೂಡಲೇ ವಾದ್ಯವನ್ನು ಎತ್ತಿಕೊಳ್ಳಬೇಡಿ. ಮೊದಲು ಆ ಹಾಡನ್ನು ಹತ್ತು ಸಲ ಕೇಳಿ, ಬೇಸ್ ಗಿಟಾರಿನ ಸಾಲನ್ನಷ್ಟೇ ಹಿಂಬಾಲಿಸಿ ಗುನುಗಿರಿ. ಅನಂತರ ಅಂಕಿಗಳ ಕೆಳಗೆ ಪೆನ್ಸಿಲ್ಲಿನಿಂದ ಸ್ವರಗಳ ಹೆಸರು ಬರೆಯಿರಿ, ಮೇಲೆ ಮಾತ್ರೆಗಳ ಗುರುತು ಹಾಕಿರಿ. ಪೆತ್ರೂಚ್ಚಿಯ ಕಾಲದಲ್ಲಿದ್ದ ಮೇಲ್ಸಾಲನ್ನು ನೀವೇ ಮರಳಿ ತಂದಂತಾಗುತ್ತದೆ. ಕೈಯಿಂದ ತಾಳ ಹಾಕುತ್ತ ಬಾಯಲ್ಲಿ ಸ್ವರ ಹೇಳಿರಿ. ಬಾಯಿಗೆ ಬಂದ ಮೇಲೆ ಬೆರಳಿಗೆ ಕೊಡಿರಿ. ಟ್ಯಾಪಿಂಗನ್ನು ಮಿನಿಟಿಗೆ 60 ಎಣಿಕೆಯ ನಿಧಾನದಲ್ಲಿ ಆರಂಭಿಸಿರಿ. ಬಡಿದ ಸ್ವರ, ಸೆಳೆದು ಬಿಟ್ಟ ಸ್ವರ, ಎಡಗೈ ಬಡಿದ ಸ್ವರ, ಮೂರೂ ಒಂದೇ ತೂಕದಲ್ಲಿ ಕೇಳಿಸುವವರೆಗೆ ವೇಗದ ಮಾತೆತ್ತಬೇಡಿ. ಬೇಸ್ ಗಿಟಾರಿನ ದಪ್ಪ ತಂತಿಗಳು ಬಿಟ್ಟ ಕೂಡಲೇ ಗುಂಯ್‌ಗುಡುತ್ತವೆ. ಬೆರಳಿಗೂ ದಂಡಿಯ ತುದಿಗೂ ನಡುವಿನ ತಂತಿಯ ತುಂಡು ಕೂಡ ಸಣ್ಣದಾಗಿ ನುಡಿಯುತ್ತದೆ. ಅದಕ್ಕಾಗಿ ಬಲ್ಲವರು ಕೂದಲಿಗೆ ಕಟ್ಟುವ ಬಟ್ಟೆಯ ಬ್ಯಾಂಡನ್ನು ಮೊದಲ ಫ್ರೆಟ್ಟಿನ ಬಳಿ ದಂಡಿಗೆ ತೊಡಿಸುವುದುಂಟು. ಬೇಡದ ದನಿಯನ್ನು ತಡೆಯುವುದೂ ನುಡಿಸುವಿಕೆಯ ಭಾಗವೇ. ಟ್ಯಾಬಿನಲ್ಲಿ ಇದಕ್ಕೆ ಅಂಕಿಯಿಲ್ಲ.

ಕೊನೆಯದಾಗಿ, ಇದನ್ನು ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ಬರೆದ ಕಾರಣ. ಪರೀಕ್ಷೆ ಸಮೀಪಿಸಿದಂತೆ ನಮ್ಮ ವಿದ್ಯಾರ್ಥಿಗಳ ಕೈಗೆ ಗೈಡುಗಳು ಬರುತ್ತವೆ. ಗೈಡೂ ಒಂದು ಬಗೆಯ ಟ್ಯಾಬ್: ಯಾವ ಪ್ರಶ್ನೆಯ ಕೆಳಗೆ ಯಾವ ಉತ್ತರವನ್ನು ಇಡಬೇಕೆಂದು ತೋರಿಸುತ್ತದೆ. ಅದನ್ನು ನೋಡಬಾರದೆಂದು ನಾನು ಹೇಳುವುದಿಲ್ಲ. ಗ್ರಂಥಾಲಯ ದೂರವಿರುವ, ಕನ್ನಡ ಪುಸ್ತಕ ಸುಲಭವಾಗಿ ಸಿಗದ ಗಡಿಯ ಊರುಗಳಲ್ಲಿ ಹಾಗೆ ಹೇಳುವುದು ನ್ಯಾಯವೂ ಅಲ್ಲ. ಆದರೆ ಪಂಪನ ಒಂದು ಪದ್ಯವನ್ನೂ ಗಟ್ಟಿಯಾಗಿ ಓದದೆ ಪಂಪನ ಕುರಿತು ಹದಿನಾರು ಅಂಕದ ಉತ್ತರ ಬರೆದವನ ಸ್ಥಿತಿ, ಸ್ವರ ಕೇಳಿಸದೆ ಹನ್ನೆರಡು, ನಾಲ್ಕು, ಏಳು ಎಂದು ಬಡಿಯುವವನ ಸ್ಥಿತಿಯೇ. ಇಬ್ಬರೂ ತಪ್ಪಿಲ್ಲದೆ ಮುಗಿಸುತ್ತಾರೆ. ಇಬ್ಬರಿಗೂ ಏನೂ ದಕ್ಕಿರುವುದಿಲ್ಲ. ನಾಳೆ ಈ ಸೀಮೆಯ ಶಾಲೆಗಳಲ್ಲಿ ಕನ್ನಡ ಕಲಿಸಬೇಕಾದವರು ನೀವು. ಪದ್ಯದ ದನಿ ನಿಮ್ಮ ಕಿವಿಯಲ್ಲಿಯೇ ಇಲ್ಲದಿದ್ದರೆ ಮಕ್ಕಳ ಕಿವಿಗೆ ಅದು ಮುಟ್ಟುವ ದಾರಿ ಯಾವುದು?

ಮುಂದಿನ ಸ್ನೇಹಸಮ್ಮೇಳನಕ್ಕೆ ಇನ್ನೂ ಸಮಯವಿದೆ. ಬೇಸ್ ಗಿಟಾರ್ ನುಡಿಸುವ ನಮ್ಮ ವಿದ್ಯಾರ್ಥಿಗಳು ಯಾರದೋ ಟ್ಯಾಬನ್ನು ಇಳಿಸಿಕೊಳ್ಳುವ ಬದಲು, ತಾವು ಬಲ್ಲ ಒಂದು ಭಜನೆಯನ್ನೋ ಭಾವಗೀತೆಯನ್ನೋ ಕಿವಿಯಿಂದಲೇ ಕೇಳಿ, ಅದಕ್ಕೊಂದು ಬೇಸ್ ಸಾಲನ್ನು ಕಟ್ಟಿ ಬರೆಯಲಿ: ನಾಲ್ಕು ಗೆರೆ, ಅಂಕಿ, ಕೆಳಗೆ ಸ್ವರ, ಮೇಲೆ ಮಾತ್ರೆ. ಅದನ್ನು ನುಡಿಸಿ ತೋರಿಸಲಿ. ಹಾಗೆ ಬರೆದ ಮೊದಲ ಹಾಳೆಗೆ ಈ ಪತ್ರಿಕೆಯ ಬರುವ ಸಂಚಿಕೆಯಲ್ಲಿ ಒಂದು ಪುಟವನ್ನು ಕೇಳಿ ಇಟ್ಟಿದ್ದೇನೆ.